ಕೆಟ್ಟ ವರ್ಷದ ಇಳುವರಿ ಎಷ್ಟು?

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಕೃಷಿ ಮೇಳವೊಂದರಲ್ಲಿ ಹತ್ತಿಯ ಪ್ರಾತ್ಯಕ್ಷಿಕೆ ತಾಕಿನ ಮುಂದೆ ನಿಂತಿದ್ದೆ. ತಳಿಯ ಹೆಸರು, ಎಷ್ಟು ದಿನದ ಬೆಳೆ, ಎಕರೆಗೆ ಎಷ್ಟು ಕ್ವಿಂಟಲ್ ಎಂದು ಫಲಕದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಪಕ್ಕದಲ್ಲಿದ್ದ ರೋಣದ ಕಡೆಯ ಹಿರಿಯರೊಬ್ಬರು ಅದನ್ನು ಯಾರಿಂದಲೋ ಓದಿಸಿ ಕೇಳಿಕೊಂಡು, ವಿವರಣೆ ಕೊಡಲು ನಿಂತಿದ್ದ ಹುಡುಗನನ್ನು ಕೇಳಿದರು: "ಅಲ್ಲೋ ತಮ್ಮಾ, ಮಳಿ ಕೈ ಕೊಟ್ಟ ವರ್ಷ ಇದು ಎಷ್ಟ ಬರತೈತಿ?" ಹುಡುಗ ಫಲಕದ ಕಡೆ ತಿರುಗಿ ನೋಡಿದ. "ಅದನ್ನ ಬರದಿಲ್ರಿ ಅಜ್ಜಾರ" ಎಂದ.

ಆ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಸುಧಾರಿತ ಬೇಸಾಯದಿಂದ ಸಣ್ಣ ರೈತನ ಬದುಕು ಹಸನಾಯಿತೇ ಎಂದು ಕೇಳುವಾಗೆಲ್ಲ ನಾವು ಎಕರೆಯ ಇಳುವರಿಯನ್ನೇ ಮುಂದಿಡುತ್ತೇವೆ. ಆ ಅಂಕಿ ಹೆಚ್ಚಾಗಿ ಒಳ್ಳೆಯ ಮಳೆಯ ವರ್ಷದ್ದು, ಇಲ್ಲವೇ ನೀರು, ಗೊಬ್ಬರ, ಔಷಧ ಎಲ್ಲವೂ ಹೊತ್ತಿಗೆ ಸಿಕ್ಕ ತಾಕಿನದ್ದು. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಮಳೆಯಾಶ್ರಿತ ಎರಿ (ಕಪ್ಪು ಮಣ್ಣಿನ) ಹೊಲಗಳಲ್ಲಿ ಮೂರು-ನಾಲ್ಕು ಎಕರೆ ಇಟ್ಟುಕೊಂಡವರ ಸಂಸಾರ ನಿಲ್ಲುವುದೋ ಬೀಳುವುದೋ ತೀರ್ಮಾನವಾಗುವುದು ಕೆಟ್ಟ ವರ್ಷದಲ್ಲಿ. ಹೊಸ ಬೀಜ, ಹೊಸ ಯಂತ್ರ, ಹೊಸ ಹೊಂಡ ಯಾವುದೇ ಇರಲಿ, ಕೆಟ್ಟ ವರ್ಷದಲ್ಲಿ ಅದು ಏನು ಮಾಡುತ್ತದೆ ಎಂದು ಮೊದಲು ಕೇಳಬೇಕು ಎನ್ನುವುದು ನನ್ನ ವಾದ.

ಈ ಕಡೆ ಕೆಟ್ಟ ವರ್ಷ ಅಪರೂಪದ ಅತಿಥಿಯೇನಲ್ಲ. ಗದಗ ಜಿಲ್ಲೆಗೆ ವರ್ಷವಿಡೀ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದ, ರೋಣದ ಊರುಗಳೊಳಗೆ ನೀರು ಹೊಕ್ಕಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಹೆಸರು ಬೆಳೆ ರಾಶಿಗೆ ಬರುವ ಹೊತ್ತಿಗೆ ಜಡಿಮಳೆ ಹತ್ತಿತೆಂದರೆ ಕಾಯಿಯೊಳಗೇ ಕಾಳು ಮೊಳಕೆಯೊಡೆಯುತ್ತದೆ. ಆ ಹೊಲಕ್ಕೆ ಆ ವರ್ಷ ಬರವೂ ಅದೇ, ನೆರೆಯೂ ಅದೇ. 2015-16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರು, ಅಂದರೆ ಸುಮಾರು ಮೂರು ಎಕರೆ ಹದಿನಾಲ್ಕು ಗುಂಟೆ. ದೊಡ್ಡ ಹಿಡುವಳಿಗಳನ್ನೂ ಸೇರಿಸಿ ಬಂದ ಸರಾಸರಿ ಇದು. ಇಷ್ಟು ಭೂಮಿಯಲ್ಲಿ ಒಂದು ವರ್ಷ ಹೋಯಿತೆಂದರೆ ತುಂಬಿಕೊಳ್ಳಲು ಇನ್ನೊಂದು ಹೊಲವಿರುವುದಿಲ್ಲ.

ಒಂದು ಎಕರೆಯ ಲೆಕ್ಕ ಹಾಕೋಣ. ಅಂಕಿಗಳು ತಿಳಿಯಲಿಕ್ಕೆಂದು ನಾನು ಹಿಡಿದವು, ನಿಮ್ಮ ಹೊಲದ ಅಂಕಿ ಹಾಕಿ ನೋಡಿ. ಹಳೆಯ ಪದ್ಧತಿಗೆ ಖರ್ಚು 10,000 ರೂಪಾಯಿ. ಒಳ್ಳೆಯ ವರ್ಷ 22,000 ಬರುತ್ತದೆ, ಕೆಟ್ಟ ವರ್ಷ 7,000. ಸುಧಾರಿತ ಪದ್ಧತಿಗೆ ಖರ್ಚು 20,000. ಒಳ್ಳೆಯ ವರ್ಷ 40,000 ಬರುತ್ತದೆ, ಕೆಟ್ಟ ವರ್ಷ 12,000. ಎರಡು ಒಳ್ಳೆಯ ವರ್ಷ, ಒಂದು ಕೆಟ್ಟ ವರ್ಷ ಎಂದು ಹಿಡಿದರೆ ಮೂರು ವರ್ಷಕ್ಕೆ ಹಳೆಯ ಪದ್ಧತಿಯಲ್ಲಿ 21,000 ಉಳಿಯುತ್ತದೆ, ಹೊಸದರಲ್ಲಿ 32,000. ಹೊಸದೇ ಮೇಲು, ಅನುಮಾನವಿಲ್ಲ. ವಿಜ್ಞಾನಿಗಳು ಹೇಳುವುದು ಸುಳ್ಳಲ್ಲ.

ಆದರೆ ಮೂರರಲ್ಲಿ ಕೆಟ್ಟ ವರ್ಷವೇ ಮೊದಲು ಬಂದರೆ? ಖರ್ಚಿನ ಹಣ ದಲಾಲಿ ಅಂಗಡಿಯಿಂದ ತಿಂಗಳಿಗೆ ನೂರಕ್ಕೆ ಮೂರರಂತೆ ತಂದದ್ದಾದರೆ? ಆರು ತಿಂಗಳಿಗೆ ಇಪ್ಪತ್ತು ಸಾವಿರದ ಮೇಲೆ 3,600 ಬಡ್ಡಿ. ಹೊಸ ಪದ್ಧತಿಯವನು ಆ ವರ್ಷ 11,600 ರೂಪಾಯಿ ಕೆಳಗೆ ಇಳಿಯುತ್ತಾನೆ, ಹಳೆಯ ಪದ್ಧತಿಯವನು 4,800. ಮುಂದಿನ ಮುಂಗಾರಿಗೆ ಹೊಸ ಪದ್ಧತಿಯವನು ಮತ್ತೆ ಇಪ್ಪತ್ತು ಸಾವಿರ ಹುಟ್ಟಿಸಬೇಕು, ಹಳೆಯ ಬಾಕಿಯೂ ತಲೆಯ ಮೇಲಿರುತ್ತದೆ. ಅಂಗಡಿಯವರು ಉದ್ರಿ ಕೊಟ್ಟರೂ ಫಸಲು ತಮ್ಮ ಅಂಗಡಿಗೇ ತರಬೇಕೆಂಬ ಮಾತಿನ ಮೇಲೆ ಕೊಡುತ್ತಾರೆ. ಮೂರು ವರ್ಷದ ಸರಾಸರಿಯ ಲಾಭ ಸಿಗಬೇಕಾದರೆ ಮೂರೂ ವರ್ಷ ಬಿತ್ತುವ ತಾಕತ್ತು ಇರಬೇಕು. ಹದಿನೈದು ಎಕರೆಯವನಿಗೆ ಅದಿದೆ. ಎರಡು ಎಕರೆಯವನು ಮೊದಲ ಹೊಡೆತಕ್ಕೇ ಹೊಲವನ್ನು ಲಾವಣಿಗೆ (ಗುತ್ತಿಗೆಗೆ) ಕೊಟ್ಟು ಹುಬ್ಬಳ್ಳಿಗೋ ಗೋವೆಗೋ ದುಡಿಯಲು ಹೋಗುತ್ತಾನೆ. ಅವನ ಹೊಲವನ್ನು ಲಾವಣಿಗೆ ಹಿಡಿದವನ ಇಳುವರಿಯೂ ತಾಲ್ಲೂಕಿನ ಸರಾಸರಿಗೆ ಸೇರುತ್ತದೆ. ಕಾಗದದ ಮೇಲೆ ಇಳುವರಿ ಏರುತ್ತಲೇ ಇರುತ್ತದೆ.

ಈ ಪಾಠ ನಮ್ಮ ಭಾಗಕ್ಕೆ ಹೊಸದಲ್ಲ. ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ರೂಪಿಸಿದ ವರಲಕ್ಷ್ಮಿ ಹತ್ತಿ 1972ರಲ್ಲಿ ಹೊರಬಂತು. ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ವಾಣಿಜ್ಯ ಬೇಸಾಯಕ್ಕೆ ತಂದ ಮೊದಲ ಸಂಕರಣ ಅದು. ಉದ್ದ ಎಳೆ, ನಯವಾದ ನೂಲು, ಮೊದಮೊದಲು ಬಂಗಾರದಂಥ ದರ. ಮಲಪ್ರಭಾ ಕಾಲುವೆಯ ನೀರು ಬಂದ ನವಲಗುಂದ, ನರಗುಂದದ ರೈತರು ಜೋಳ ಬಿಟ್ಟು ಅದನ್ನು ಹಾಕಿದರು. ಬೀಜಕ್ಕೆ ಪ್ರತಿ ವರ್ಷ ರೊಕ್ಕ, ಔಷಧಕ್ಕೆ ರೊಕ್ಕ, ಗೊಬ್ಬರಕ್ಕೆ ರೊಕ್ಕ. ದಶಕ ಮುಗಿಯುವ ಹೊತ್ತಿಗೆ ಹತ್ತಿಯ ದರ ಬಿತ್ತು. ಅದೇ ಹೊತ್ತಿಗೆ ಸರ್ಕಾರ ನೀರಾವರಿಯಿಂದ ಭೂಮಿ ಸುಧಾರಿಸಿದೆಯೆಂದು ಅಭಿವೃದ್ಧಿ ಕರ ಕೇಳಿತು. ಅದರ ವಿರುದ್ಧ ಎದ್ದ ರೈತರ ಮೇಲೆ 1980ರ ಜುಲೈ 21ರಂದು ನರಗುಂದ-ನವಲಗುಂದದಲ್ಲಿ ಗೋಲಿಬಾರ್ ನಡೆದು ಹೆಣ ಬಿದ್ದವು. ರಾಜ್ಯದ ರೈತ ಚಳವಳಿ ಎದ್ದು ನಿಂತದ್ದು ಆ ವರ್ಷವೇ. ವರಲಕ್ಷ್ಮಿ ಕೆಟ್ಟ ತಳಿಯಾಗಿರಲಿಲ್ಲ. ಧಾರವಾಡ ಇಂದಿಗೂ ಹೆಮ್ಮೆಪಡಬೇಕಾದ ಸಾಧನೆ ಅದು. ದರ ಬಿದ್ದ ವರ್ಷ ಆ ಬೆಳೆಯ ಖರ್ಚು ಯಾರ ತಲೆಯ ಮೇಲೆ ಬರುತ್ತದೆ ಎನ್ನುವುದನ್ನು ಯಾರೂ ಮೊದಲೇ ಯೋಚಿಸಲಿಲ್ಲ. ನೀರು ಹೆಚ್ಚಾದ ಎರಿ ಭೂಮಿ ಉಪ್ಪೇರಿ, ಜೌಗಾಗಿ ಸವಳು-ಜವಳಾದದ್ದು ಅದೇ ಕಥೆಯ ಮುಂದಿನ ಭಾಗ.

ಹಳೆಯ ಪದ್ಧತಿಯನ್ನೂ ಸರಿಯಾಗಿ ನೋಡಬೇಕು, ಅದನ್ನು ಪೂಜಿಸುವುದು ಬೇಡ. ಹುಬ್ಬಳ್ಳಿ, ಕುಂದಗೋಳ, ಶಿಗ್ಗಾವಿ ಕಡೆ ಒಂದೇ ಹೊಲದಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಮೂರನ್ನೂ ಹಾಕುತ್ತಿದ್ದರು. ದಸರೆಯ ಆಸುಪಾಸು ಉಳ್ಳಾಗಡ್ಡಿ ಕಿತ್ತು ಮಾರಿದರೆ ಹಬ್ಬದ ಖರ್ಚು, ಮೆಣಸಿನಗಿಡದ ಆರೈಕೆ ಎರಡಕ್ಕೂ ಆಗುತ್ತಿತ್ತು. ಡಿಸೆಂಬರಿನಿಂದ ಕೆಂಪು ಹಣ್ಣು ಬಿಡಿಸುವುದು. ಅದೂ ಮುಗಿದ ಮೇಲೆ, ಬೇಸಿಗೆಯ ಬಿಸಿಲಿನಲ್ಲಿ, ಎರಿಯ ಬಿರುಕಿನಾಳಕ್ಕೆ ಬೇರಿಳಿಸಿದ ಜಯಧರ್ ಹತ್ತಿ ಒಡೆಯುತ್ತಿತ್ತು. ಒಂದೊಂದರ ಇಳುವರಿಯನ್ನೂ ಬಿಡಿಯಾಗಿ ನೋಡಿದರೆ ಮೂರೂ ಸಾಧಾರಣ. ಆದರೆ ಮುಂಗಾರು ಕೈಕೊಟ್ಟರೆ ಹಿಂಗಾರಿನಲ್ಲಿ ಹತ್ತಿ, ಉಳ್ಳಾಗಡ್ಡಿಯ ದರ ಬಿದ್ದರೆ ಮೆಣಸಿನಕಾಯಿ. ಮೂರೂ ಒಟ್ಟಿಗೆ ಹೋಗುವುದು ಅಪರೂಪ. ಆ ಹೊಲದ ವಿಮೆ ಹೊಲದೊಳಗೇ ಇತ್ತು.

ಇಂದು ಅದೇ ಹೊಲಗಳಲ್ಲಿ ಹೆಚ್ಚಾಗಿ ಒಂಟಿ ಬೆಳೆ. ಟ್ರ್ಯಾಕ್ಟರಿಗೆ ಅದೇ ಅನುಕೂಲ, ಔಷಧ ಹೊಡೆಯಲಿಕ್ಕೂ ಅದೇ. ಮೆಣಸಿನಕಾಯಿಯ ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಹಾವೇರಿ ಜಿಲ್ಲೆಯ ಹೆಸರು ದೇಶಕ್ಕೆ ಗೊತ್ತಾಗಿರುವುದೇ ಅದರಿಂದ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಖಾರ ಕಡಿಮೆ, ಬಣ್ಣ ಜಾಸ್ತಿ. ಮೈ ತುಂಬ ಸುಕ್ಕಿದ್ದು ಉದ್ದವಾದದ್ದು ಕಡ್ಡಿ, ಗಿಡ್ಡಾಗಿ ತುಂಬಿಕೊಂಡದ್ದು ಡಬ್ಬಿ. ಅದರಿಂದ ತೆಗೆದ ಬಣ್ಣದ ಸಾರ ಆಹಾರದಿಂದ ತುಟಿಬಣ್ಣದವರೆಗೆ ಹೋಗುತ್ತದೆ. ಆದರೆ ನಾಟಿ ಕಡ್ಡಿ-ಡಬ್ಬಿಯ ಇಳುವರಿ ಕಡಿಮೆ, ಎಲೆ ಮುದುಡುವ ಮುಟುರು ರೋಗಕ್ಕೆ ಬಲಿಯಾಗುವುದೂ ಬೇಗ. ಹೀಗಾಗಿ 5531, 2043 ಎಂಬ ನಂಬರಿನ ಸಂಕರಣ ತಳಿಗಳು ಬಂದವು. ಎರಡನೆಯದು ನೋಡಲಿಕ್ಕೆ ಬ್ಯಾಡಗಿಯಂತೆಯೇ. ನೀರಿದ್ದ ಕಡೆ ಇವುಗಳ ಇಳುವರಿ ನಾಟಿಗಿಂತ ಹಲವು ಪಟ್ಟು.

ನೀರಿದ್ದ ಕಡೆ ಎಂದೆನಲ್ಲ, ತೊಡಕು ಅಲ್ಲಿಯೇ ಇದೆ. ತುಂಗಭದ್ರೆಯ ಕಾಲುವೆಯಡಿಯ ಬಳ್ಳಾರಿ, ರಾಯಚೂರು ಮತ್ತು ಆಂಧ್ರದ ಹೊಲಗಳಿಗೆ ಸಂಕರಣ ಮೆಣಸಿನಕಾಯಿ ಹೇಳಿಮಾಡಿಸಿದ ಬೆಳೆಯಾಯಿತು. ಅಲ್ಲಿಯ ಫಸಲು ಬಂದು ಬೀಳುವುದು ಬ್ಯಾಡಗಿಯ ಮಾರುಕಟ್ಟೆಗೇ. ಹೆಸರು ಬ್ಯಾಡಗಿಯದು, ಚೀಲ ಹೊರಗಿನದು. ಕುಂದಗೋಳದ ಮಳೆಯಾಶ್ರಿತ ಹೊಲದವನು ಎಕರೆಗೆ ಮೂರು-ನಾಲ್ಕು ಕ್ವಿಂಟಲ್ ಹಿಡಿದು ಹೋದಾಗ ಅವನ ದರ ತೀರ್ಮಾನವಾಗುವುದು ನೀರಾವರಿಯ ರಾಶಿಯ ಪಕ್ಕದಲ್ಲಿ. ಸುಧಾರಿತ ಪದ್ಧತಿಯನ್ನು ಮುಟ್ಟದೇ ಇದ್ದ ರೈತನಿಗೂ ಅದರ ಬಿಸಿ ತಟ್ಟುವುದು ಹೀಗೆ. 2021ರಿಂದ ಕಾಣಿಸಿಕೊಂಡ ಹೊಸ ಕಪ್ಪು ಥ್ರಿಪ್ಸ್ ನುಸಿಗೆ ವಾರ ಬಿಟ್ಟು ವಾರ ಔಷಧ ಹೊಡೆದವರ ಖರ್ಚೂ ಇದಕ್ಕೆ ಸೇರಿತು. 2024ರ ಮಾರ್ಚ್ 11, ಸೋಮವಾರ, ಸಂತೆಯ ದಿನ, ದರ ಒಮ್ಮೆಲೇ ಕುಸಿದದ್ದನ್ನು ಕಂಡು ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಕಟ್ಟೆಯೊಡೆಯಿತು. ಕಚೇರಿಗೆ, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದನ್ನು ಸರಿ ಎನ್ನುವವನು ನಾನಲ್ಲ. ಆದರೆ ಆ ವರ್ಷ ಮೆಣಸಿನಕಾಯಿ ಚೆನ್ನಾಗಿಯೇ ಬೆಳೆದಿತ್ತು ಎನ್ನುವುದನ್ನು ಮರೆಯಬಾರದು. ಬರದ ನಡುವೆಯೂ ನೀರಾವರಿಯ ಕಡೆಯಿಂದ ಮಾರುಕಟ್ಟೆಗೆ ಚೀಲಗಳ ಮೇಲೆ ಚೀಲ ಬಂದಿದ್ದವು. ಕೆಟ್ಟ ವರ್ಷ ಎಂದರೆ ಮಳೆಯೊಂದೇ ಅಲ್ಲ, ದರವೂ ಅದನ್ನು ತರುತ್ತದೆ. ಬೆಳೆ ವಿಮೆ ಇಳುವರಿಯ ಕೊರತೆಯನ್ನು ಅಷ್ಟಿಷ್ಟು ತುಂಬುತ್ತದೆ, ದರದ ಕೊರತೆಯನ್ನು ಮುಟ್ಟುವುದಿಲ್ಲ.

ಗೋವಿನಜೋಳದ ಕಥೆಯನ್ನು ಚುಟುಕಾಗಿ ಹೇಳಬಹುದು. ಹಾವೇರಿ, ದಾವಣಗೆರೆಗಳು ರಾಜ್ಯದ ಗೋವಿನಜೋಳದ ಕಣಜ. ಬೀಜವೆಲ್ಲ ಸಂಕರಣ, ಪ್ರತಿ ಮುಂಗಾರಿಗೂ ಹೊಸ ಪಾಕೀಟು. ಯೂರಿಯಾ ಇಲ್ಲದೆ ತೆನೆ ತುಂಬುವುದಿಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದವರ ಮೇಲೆ ಗುಂಡು ಹಾರಿದ್ದನ್ನು ಈ ಜಿಲ್ಲೆ ಮರೆತಿಲ್ಲ. 2025ರ ಮುಂಗಾರಿನಲ್ಲೂ ಯೂರಿಯಾಕ್ಕಾಗಿ ಬೆಳಗಿನ ಜಾವದ ಸಾಲು ತಪ್ಪಲಿಲ್ಲ. 2018ರಲ್ಲಿ ದೇಶದಲ್ಲೇ ಮೊದಲು ಶಿವಮೊಗ್ಗದ ಬಳಿ ಕಂಡ ಹೊಸ ಸೈನಿಕ ಹುಳು ಈಗ ಕಾಯಂ ಗಿರಾಕಿ. ಅದಾದ ಮೇಲೆ ದರ: 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಎಂದಿದ್ದರೂ ಸುಗ್ಗಿಯ ಹೊತ್ತಿಗೆ ಮಾರುಕಟ್ಟೆಯ ದರ ಎರಡು ಸಾವಿರದ ಕೆಳಗಿತ್ತು, ಖರೀದಿ ಕೇಂದ್ರಕ್ಕಾಗಿ ಲಕ್ಷ್ಮೇಶ್ವರದಲ್ಲಿ ರೈತರು ಧರಣಿ ಕೂತರು. ಒಂದು ಮಾತು ಮಾತ್ರ ಸೇರಿಸಬೇಕು. ಬಿಳಿಜೋಳ ಹೋಗಿ ಗೋವಿನಜೋಳ, ಸೋಯಾ ಬಂದಾಗ ದನಗಳ ಬಾಯಿಗೆ ಬೀಳುತ್ತಿದ್ದ ಕಣಕಿ ಹೋಯಿತು. ಮೇವಿಲ್ಲದೆ ಎತ್ತು ಮಾರಿದರು. ಎತ್ತು ಹೋದ ಮೇಲೆ ತಿಪ್ಪೆ ಗೊಬ್ಬರ ಹೋಯಿತು, ಹರಗಲಿಕ್ಕೂ ಬಿತ್ತಲಿಕ್ಕೂ ಬಾಡಿಗೆ ಟ್ರ್ಯಾಕ್ಟರು ಬಂತು. ಬೀಜ ಬದಲಿಸಿದ್ದಷ್ಟೇ ಎಂದುಕೊಂಡ ರೈತ ಮನೆಯೊಳಗೆ ಹುಟ್ಟುತ್ತಿದ್ದ ನಾಲ್ಕು ವಸ್ತುಗಳನ್ನು ಅಂಗಡಿಯಿಂದ ತರುವವನಾದ.

ಹಾಗಾದರೆ ಸುಧಾರಣೆಯೇ ಬೇಡವೇ? ಬೇಕು, ಖಂಡಿತ ಬೇಕು. ಕೆಟ್ಟ ವರ್ಷಕ್ಕೆ ಹೆಗಲು ಕೊಡುವ ಸುಧಾರಣೆಗಳೂ ಇದೇ ನೆಲದಲ್ಲಿ ಇವೆ. ಕಡಲೆಯನ್ನೇ ನೋಡಿ. ಅಣ್ಣಿಗೇರಿಯ ಹೆಸರು ಹೊತ್ತ ಅಣ್ಣಿಗೇರಿ-1 ತಳಿ ದಶಕಗಳಿಂದ ಈ ಎರಿಯಲ್ಲಿ ನಿಂತಿದೆ. ಅದು ಸಂಕರಣವಲ್ಲ, ಆದ್ದರಿಂದ ಬೀಜ ಮನೆಯಲ್ಲೇ ಇಟ್ಟುಕೊಳ್ಳಬಹುದು. ಅದರ ದೊಡ್ಡ ಕೊರತೆ ಗಿಡ ಸೊರಗಿ ಒಣಗುವ ನೆಟೆ ರೋಗ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಮತ್ತು ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಸೇರಿ ಇನ್ನೊಂದು ತಳಿಯಲ್ಲಿದ್ದ ರೋಗನಿರೋಧಕ ಗುಣವನ್ನು ಅದರೊಳಗೆ ತಂದು ಸೂಪರ್ ಅಣ್ಣಿಗೇರಿ ಮಾಡಿದವು. ರೈತ ಹೊಸದಾಗಿ ಕಲಿಯಬೇಕಾದದ್ದು ಏನೂ ಇಲ್ಲ, ಎಕರೆಯ ಖರ್ಚು ಏರುವುದಿಲ್ಲ, ಬೀಜ ಮುಂದಿನ ವರ್ಷಕ್ಕೂ ಉಳಿಯುತ್ತದೆ, ರೋಗ ಬಂದ ವರ್ಷ ಬೆಳೆಯೂ ಉಳಿಯುತ್ತದೆ. ಆಧುನಿಕ ವಿಜ್ಞಾನದ ಅತಿ ಸೂಕ್ಷ್ಮ ಕೆಲಸ ಅತಿ ಸಣ್ಣ ರೈತನ ಕೈಗೆ ಹೀಗೆ ತಲುಪಿದಾಗ ಮನಸ್ಸು ತುಂಬಿ ಬರುತ್ತದೆ. ಸೋಯಾ ಅವರೆಯ ತುಕ್ಕು ರೋಗ ತಡೆಯುವ ಧಾರವಾಡದ ಡಿಎಸ್‌ಬಿ-21 ತಳಿಯೂ ಇದೇ ಜಾತಿಯ ಉಪಕಾರ.

ಇನ್ನೂ ಅಗ್ಗದ ಸುಧಾರಣೆಗಳಿವೆ. ಕಡಲೆ ಗಿಡ ತಿಂಗಳಿನದಾದಾಗ ಹೆಣ್ಣುಮಕ್ಕಳು ಹೊಲಕ್ಕೆ ಹೋಗಿ ಕುಡಿ ಚಿವುಟಿ ಉಡಿಯಲ್ಲಿ ತುಂಬಿಕೊಂಡು ಬರುತ್ತಾರೆ. ಆ ಹುಳಿ ಸೊಪ್ಪಿನ ಪಲ್ಯ, ಜೋಳದ ರೊಟ್ಟಿ ಉಂಡವರಿಗೆ ಅದರ ರುಚಿ ಹೇಳಬೇಕಿಲ್ಲ. ಕುಡಿ ಚಿವುಟಿದರೆ ಟೊಂಗೆ ಹೆಚ್ಚಾಗಿ ಕಾಯಿ ಹೆಚ್ಚುತ್ತದೆ ಎಂದು ಈಗ ಕೃಷಿ ಇಲಾಖೆಯೂ ಶಿಫಾರಸು ಮಾಡುತ್ತದೆ, ಚಿವುಟುವ ಯಂತ್ರವೂ ಬಂದಿದೆ. ನಮ್ಮ ಅವ್ವಂದಿರು ಪಲ್ಯಕ್ಕಾಗಿ ಮಾಡುತ್ತಿದ್ದದ್ದೇ ಬೇಸಾಯದ ಕ್ರಮವೂ ಆಗಿತ್ತು.

ನೀರಿನ ವಿಷಯದಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಒಂದು ಎಕರೆಯ ಮೇಲೆ 25 ಮಿಲಿಮೀಟರ್ ಮಳೆ ಬಿತ್ತೆಂದರೆ ಸುಮಾರು ಒಂದು ಲಕ್ಷ ಲೀಟರ್ ನೀರು ಬಿದ್ದಂತೆ. ವರ್ಷಕ್ಕೆ 600 ಮಿಲಿಮೀಟರ್ ಎಂದರೆ ಎಕರೆಗೆ ಇಪ್ಪತ್ನಾಲ್ಕು ಲಕ್ಷ ಲೀಟರ್. ಎರಿ ಮಣ್ಣು ಒಮ್ಮೆ ತೊಯ್ದು ಮುಚ್ಚಿಕೊಂಡಿತೆಂದರೆ ನೀರನ್ನು ಬೇಗ ಒಳಗೆ ಬಿಡುವುದಿಲ್ಲ, ಜೋರು ಮಳೆಯ ದೊಡ್ಡ ಪಾಲು ಹಳ್ಳಕ್ಕೆ ಹರಿಯುತ್ತದೆ, ಜೊತೆಗೆ ಮೇಲ್ಮಣ್ಣನ್ನೂ ಒಯ್ಯುತ್ತದೆ. ಇದನ್ನು ತಡೆಯಲು ಮುಂಗಾರಿನಲ್ಲಿ ಹೊಲವನ್ನು ಚಿಕ್ಕ ಚಿಕ್ಕ ಒಡ್ಡಿನ ಚೌಕಗಳಾಗಿ ಮಾಡುವುದೇ ಚೌಕುಮಡಿ. ಬಿದ್ದ ಮಳೆ ಚೌಕದೊಳಗೇ ನಿಂತು ಇಂಗುತ್ತದೆ. ಹಿಂಗಾರಿಯ ಜೋಳ, ಕಡಲೆ, ಕುಸುಬಿ ಮೊದಲೇ ಮಣ್ಣಿನ ಹಸಿಯ ಮೇಲೆ ಬದುಕುವ ಬೆಳೆಗಳು. ಮಳೆ ಚೆನ್ನಾಗಿ ಆದ ವರ್ಷ ಚೌಕುಮಡಿಯಿಂದ ಆಗುವ ವ್ಯತ್ಯಾಸ ಕಡಿಮೆ. ಮಳೆ ಕೈಕೊಟ್ಟ ವರ್ಷ ಪಕ್ಕದ ಹೊಲದ ಗಿಡ ಬಾಡಿ ನಿಂತಾಗ ಇದರೊಳಗಿನದು ಕಾಯಿ ಕಟ್ಟುತ್ತದೆ. ರೋಣದ ಅಜ್ಜನ ಪ್ರಶ್ನೆಗೆ ಸಿಗುವ ನೇರ ಉತ್ತರ ಇದು. ಇಷ್ಟಾದರೂ ಇದರ ಪ್ರಚಾರ ಬೀಜದ ಪಾಕೀಟಿನಷ್ಟು ಇಲ್ಲ. ಮಾರಲಿಕ್ಕೆ ಇದರಲ್ಲಿ ಏನೂ ಇಲ್ಲವಲ್ಲ.

ಕೃಷಿ ಹೊಂಡದ ಲೆಕ್ಕ ಬೇರೆ. ರಾಜ್ಯ ಸರ್ಕಾರ 2014-15ರಲ್ಲಿ ಕೃಷಿ ಭಾಗ್ಯ ಯೋಜನೆ ತಂದ ಮೇಲೆ ನವಲಗುಂದ, ಅಣ್ಣಿಗೇರಿ, ಗದಗಿನ ಹೊಲಗಳ ನಡುವೆ ಸಾವಿರಾರು ಹೊಂಡ ಎದ್ದವು. ಆಳವಾದ ಎರಿಯಲ್ಲಿ ಪ್ಲಾಸ್ಟಿಕ್ ಹಾಸೂ ಬೇಕಿಲ್ಲ, ಮಣ್ಣೇ ನೀರು ಹಿಡಿಯುತ್ತದೆ. 21 ಮೀಟರ್ ಉದ್ದ, ಅಷ್ಟೇ ಅಗಲ, ಮೂರು ಮೀಟರ್ ಆಳದ ಇಳಿಜಾರು ಬದಿಯ ಹೊಂಡ ತುಂಬಿದರೆ ಹತ್ತು ಲಕ್ಷ ಲೀಟರಿನ ಹತ್ತಿರ. ಐದು ಸೆಂಟಿಮೀಟರಿನಂತೆ ಒಂದು ಎಕರೆಗೆ ಒಮ್ಮೆ ಹಾಯಿಸಲು ಎರಡು ಲಕ್ಷ ಲೀಟರ್ ಬೇಕು. ಆವಿಯಾಗಿ ಹೋದದ್ದನ್ನು ಕಳೆದರೂ ಎರಡು ಎಕರೆಗೆ ಎರಡು ಸಲ ಕೊಡಬಹುದು. ಹೂವು-ಕಾಯಿಯ ಹೊತ್ತಿಗೆ ಕಡಲೆಗೆ ಒಂದು ನೀರು ಸಿಕ್ಕಿತೆಂದರೆ ಬೆಳೆ ಕೈಗೆ ಬಂದಂತೆಯೇ.

ಆದರೆ ಆ ಹೊಂಡದ ಬಾಯಿಯೇ ನಾಲ್ಕು ಗುಂಟೆ ದಾಟುತ್ತದೆ, ಬದುವಿನ ಮಣ್ಣು ಸೇರಿದರೆ ಇನ್ನೂ ಹೆಚ್ಚು. ಹತ್ತು ಎಕರೆಯವನಿಗೆ ಅದು ಮೂಲೆಯ ಒಂದು ತುಂಡು, ಒಂದು ಎಕರೆಯವನಿಗೆ ಹೊಲದ ಹತ್ತನೆಯ ಒಂದು ಪಾಲು. ಡೀಸೆಲ್ ಪಂಪು, ಪೈಪು ಬೇಕು. ಸಹಾಯಧನ ಇದ್ದರೂ ತನ್ನ ಪಾಲಿನ ಹಣ ಮೊದಲು ಹಾಕಬೇಕು. ನನಗೆ ಅನ್ನಿಸುವುದು, ಎರಡು ಎಕರೆಗಿಂತ ಕಡಿಮೆ ಇದ್ದ ಅಕ್ಕಪಕ್ಕದ ಮೂರು-ನಾಲ್ಕು ಮನೆಗಳಿಗೆ ಸೇರಿ ಒಂದು ಹೊಂಡ ಎನ್ನುವ ನಿಯಮ ಬೇಕಿತ್ತು. ಎತ್ತನ್ನೇ ಮುಯ್ಯಿ ಮಾಡಿಕೊಂಡು ಬಿತ್ತುತ್ತಿದ್ದ ಜನಕ್ಕೆ ಹೊಂಡ ಹಂಚಿಕೊಳ್ಳುವುದು ಹೊಸ ವಿದ್ಯೆಯಲ್ಲ. 1905ರಲ್ಲಿ ಗದಗಿನ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಾಹುಕಾರರ ಬಡ್ಡಿಗೆ ಎದುರಾಗಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಆ ನೆಲದಲ್ಲಿ ಹೊಂಡಕ್ಕೂ ಯಂತ್ರಕ್ಕೂ ಸಹಕಾರದ ದಾರಿ ತೆರೆಯದೆ ಒಬ್ಬೊಬ್ಬರ ಹೆಸರಿಗೆ ಒಂದೊಂದು ಅರ್ಜಿ ಬರೆಸುತ್ತಿರುವುದು ನನಗೆ ನೋವಿನ ಸಂಗತಿ.

ಯಂತ್ರದ ಮಾತು ಬಂದಾಗ ಹೆಣ್ಣಾಳುಗಳ ಮಾತು ಬಿಡಲಾಗದು. ಕಡಲೆಯನ್ನು ನಸುಕಿನಲ್ಲಿ, ಇಬ್ಬನಿಯ ತೇವ ಇರುವಾಗಲೇ ಕೀಳುತ್ತಾರೆ. ಬಿಸಿಲೇರಿದರೆ ಕಾಯಿ ಸಿಡಿಯುತ್ತವೆ, ಕೈ ಹರಿಯುತ್ತದೆ. ಅಣ್ಣಿಗೇರಿ-1ರಂಥ ಗಿಡ್ಡ, ಹರಡುವ ಗಿಡ ಯಂತ್ರದ ಬಾಯಿಗೆ ಸಿಗುವುದಿಲ್ಲವೆಂದು ನೆಟ್ಟಗೆ ಎತ್ತರ ಬೆಳೆಯುವ ತಳಿಗಳನ್ನು ತಂದರು. ಆಂಧ್ರದ ನಂದ್ಯಾಲದ ಎನ್‌ಬಿಇಜಿ-47, ಕಲಬುರಗಿಯ ಜಿಬಿಎಂ-2 ಅಂಥವು. ಹೊಲದ ಒಡೆಯನಿಗೆ ಇದು ನಿಜವಾದ ನೆರವು. ಸುಗ್ಗಿಯಲ್ಲಿ ಎಲ್ಲರ ಹೊಲವೂ ಒಮ್ಮೆಲೇ ಬಂದಾಗ ಆಳು ಸಿಗುವುದಿಲ್ಲ, ಒಂದು ಅಕಾಲದ ಮಳೆ ಬಿದ್ದರೆ ಎಲ್ಲ ಹೋಗುತ್ತದೆ. ಆದರೆ ಒಂದು ಎಕರೆಯ ಮನೆಯಲ್ಲಿ ಗಂಡ ಒಡೆಯನಾದರೆ ಹೆಂಡತಿ ಸುಗ್ಗಿಯ ನಾಲ್ಕು ವಾರ ಬೇರೆಯವರ ಹೊಲದ ಕೂಲಿ. ತನ್ನ ಹೊಲದಲ್ಲಿ ಉಳಿಸಿದ ಕೂಲಿಗಿಂತ ಬೇರೆಯವರ ಹೊಲದಲ್ಲಿ ಕಳೆದುಕೊಂಡ ಕೂಲಿ ಆ ಮನೆಗೆ ದೊಡ್ಡದು. ಸಣ್ಣ ಹಿಡುವಳಿದಾರನ ಆದಾಯವನ್ನು ಹೊಲದ ಆದಾಯ ಎಂದು ಮಾತ್ರ ಎಣಿಸಿದರೆ ಈ ಪೆಟ್ಟು ಲೆಕ್ಕಕ್ಕೇ ಬರುವುದಿಲ್ಲ. ಯಂತ್ರ ಬಿಟ್ಟುಹೋದ ಹಕ್ಕಲು ಆಯುವುದಷ್ಟೇ ಈಗ ಆ ಹೆಣ್ಣುಮಕ್ಕಳಿಗೆ ಉಳಿದಿದೆ.

ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಬೇರೆ ದಾರಿ ಹಿಡಿದರು. ದೇಸಿ ಬೀಜ ಉಳಿಸುವ ಕೆಲಸ ಮಾಡುವ ಸಹಜ ಸಮೃದ್ಧ ಸಂಸ್ಥೆಯ ನೆರವಿನೊಂದಿಗೆ ಸಾವಿ, ನವಣಿಯಂಥ ಸಿರಿಧಾನ್ಯಗಳ ದೇಸಿ ಬೀಜ ಬ್ಯಾಂಕು ಕಟ್ಟಿದರು. ರೈತರಿಗೆ ಬೀಜ ಕೊಟ್ಟು ಬೀಜವನ್ನೇ ಮರಳಿ ಪಡೆದರು. ಸಿರಿಧಾನ್ಯದ ಹೊಟ್ಟು ತೆಗೆಯುವ ಘಟಕವನ್ನು ತಾವೇ ನಡೆಸಿದರು. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಅವರಿಗೆ ಬಂತು. ಸಾವಿಯ ಇಳುವರಿ ಗೋವಿನಜೋಳದ ಹತ್ತಿರವೂ ಬರುವುದಿಲ್ಲ. ಆದರೆ ಎರಡು ಮಳೆಗೆ ಬರುವ ಬೆಳೆ ಅದು, ಬೀಜಕ್ಕೆ ಹಣ ಕೊಡಬೇಕಿಲ್ಲ. ಅದರ ದೊಡ್ಡ ತೊಡಕು ಕುಟ್ಟಿ ಅಕ್ಕಿ ಮಾಡುವ ಕಷ್ಟ, ಅದನ್ನು ಈಗ ಯಂತ್ರ ತೆಗೆದುಹಾಕಿದೆ. ಇಲ್ಲಿ ಯಂತ್ರ ಹೆಣ್ಣುಮಕ್ಕಳ ಕೆಲಸ ಕಿತ್ತುಕೊಳ್ಳಲಿಲ್ಲ, ಅವರ ಕೈಗೇ ಬಂತು. ಸುಧಾರಿತ ಪದ್ಧತಿ ಎಂದಾಗ ಇದನ್ನೂ ಅದೇ ಪಟ್ಟಿಯಲ್ಲಿ ಸೇರಿಸಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಗುಂಪಿನ ರೈತರನ್ನು ಯಾವ ಸುಧಾರಣೆಯೂ ತಲುಪುವುದಿಲ್ಲ. ಅವರು ಲಾವಣಿಗೆ, ಇಲ್ಲವೇ ಕೋರಿಗೆ (ಫಸಲಿನ ಪಾಲಿಗೆ) ಬೇರೆಯವರ ಹೊಲ ಮಾಡುವವರು. 1974ರ ಭೂಸುಧಾರಣೆಯ ತಿದ್ದುಪಡಿ ಗೇಣಿ ಪದ್ಧತಿಯನ್ನು ಕಾನೂನಿನಲ್ಲಿ ಕೊನೆಗಾಣಿಸಿತು. ಲಕ್ಷಾಂತರ ಗೇಣಿದಾರರು ಒಡೆಯರಾದರು, ಅದು ಈ ರಾಜ್ಯದ ದೊಡ್ಡ ಒಳ್ಳೆಯ ಕೆಲಸಗಳಲ್ಲಿ ಒಂದು. ಆದರೆ ಊರು ಬಿಟ್ಟವರ ಹೊಲ ಪಾಳು ಬೀಳಲಿಲ್ಲ, ಬಾಯಿಮಾತಿನ ಲಾವಣಿ ನಡೆದೇ ಇದೆ. ಉತಾರದಲ್ಲಿ (ಪಹಣಿಯಲ್ಲಿ) ಹೆಸರಿಲ್ಲ ಎಂದ ಮೇಲೆ ರೈತನ ಗುರುತಿನ ಎಫ್‌ಐಡಿ ನಂಬರಿಲ್ಲ. ಅದಿಲ್ಲದೆ ಸಬ್ಸಿಡಿ ಬೀಜವಿಲ್ಲ, ಸಹಕಾರ ಸಂಘದ ಬಡ್ಡಿಯಿಲ್ಲದ ಸಾಲವಿಲ್ಲ, ಬೆಂಬಲ ಬೆಲೆಯ ಕೇಂದ್ರದಲ್ಲಿ ನೋಂದಣಿಯಿಲ್ಲ. ಬರ ಪರಿಹಾರ ಬಂದರೆ ಅದು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರುವ ಉತಾರದಾರನ ಖಾತೆಗೆ. ಬಿತ್ತಿ, ಸಾಲ ಮಾಡಿ, ಕಳೆದುಕೊಂಡವನು ಬೇರೆಯವನು.

ಚೌಕುಮಡಿ, ಒಡ್ಡು, ತಿಪ್ಪೆ ಗೊಬ್ಬರ, ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ತರುಬುವುದು, ಇವು ಕೆಟ್ಟ ವರ್ಷಕ್ಕೆ ಆಸರೆಯಾಗುವ ಅಗ್ಗದ ಕೆಲಸಗಳು. ಇವುಗಳಲ್ಲಿ ಹೆಚ್ಚಿನವುಗಳ ಪೂರ್ತಿ ಫಲ ಎರಡು-ಮೂರು ವರ್ಷ ಬಿಟ್ಟು ಬರುತ್ತದೆ. ಯುಗಾದಿಯಿಂದ ಯುಗಾದಿಗೆ ಲಾವಣಿ ಹಿಡಿದವನು ಮುಂದಿನ ವರ್ಷ ಆ ಹೊಲ ತನ್ನದೋ ಅಲ್ಲವೋ ಎಂದು ತಿಳಿಯದೆ ಏಕೆ ಒಡ್ಡು ಹಾಕಿಯಾನು? ಅವನು ಹಾಕುವುದು ಅದೇ ವರ್ಷ ಫಲ ಕೊಡುವ ಯೂರಿಯಾ. ಮಣ್ಣು ಬಡವಾಗುತ್ತಿರುವುದಕ್ಕೆ ರೈತನ ಅಜ್ಞಾನವನ್ನು ದೂರುವವರು ಈ ಕರಾರನ್ನು ಒಮ್ಮೆ ನೋಡಬೇಕು. ಭೂಮಿಯ ಒಡೆತನಕ್ಕೆ ಧಕ್ಕೆ ಬಾರದಂತೆ ಗುತ್ತಿಗೆಯನ್ನು ಕಾಗದದಲ್ಲಿ ಬರೆಯುವ ಮಾದರಿ ಕಾನೂನನ್ನು ನೀತಿ ಆಯೋಗ 2016ರಲ್ಲೇ ಮುಂದಿಟ್ಟಿತ್ತು. ಹೊಲ ಕಳೆದುಕೊಳ್ಳುವ ಭಯ ಒಡೆಯರಿಗೆ, ಒಕ್ಕಲೆಬ್ಬಿಸುವ ಭಯ ಮಾಡುವವರಿಗೆ. ಎರಡೂ ಸುಳ್ಳು ಭಯಗಳಲ್ಲ, ಆದ್ದರಿಂದ ಕಾನೂನು ಬರೆಯುವ ಕೆಲಸ ಸುಲಭವಲ್ಲ. ಅದಕ್ಕಾಗಿ ಕಾದು ಕೂರದೆ ಪಂಚಾಯತಿ ಮಟ್ಟದಲ್ಲಿ ಆಗಬಹುದಾದ ಒಂದು ಕೆಲಸವಿದೆ. ಮೊಬೈಲ್ ಹಿಡಿದು ಹೊಲಹೊಲಕ್ಕೆ ಹೋಗಿ ನಡೆಸುವ ಬೆಳೆ ಸಮೀಕ್ಷೆಯಲ್ಲಿ ಈಗ ಬೆಳೆ ಯಾವುದು ಎಂದು ದಾಖಲಿಸುತ್ತಾರೆ. ಈ ವರ್ಷ ಇದನ್ನು ಬಿತ್ತಿದವರು ಯಾರು ಎಂಬ ಒಂದು ಸಾಲನ್ನೂ ಅದರಲ್ಲಿ ಸೇರಿಸಿ, ಬೀಜಕ್ಕೂ ಪರಿಹಾರಕ್ಕೂ ಆ ಹೆಸರನ್ನೇ ಹಿಡಿಯಲಿ.